‘ಹಾಗೂ’ ಟೈಲರ್ ಹೊಲಿದ ಕೋಟು

ಬಸ್ ಸ್ಟ್ಯಾಂಡಿನ ಹಿಂದಿನ ರಸ್ತೆಯಲ್ಲಿ, ಕ್ಷೌರದಂಗಡಿಗೂ ಬೀಗ ರಿಪೇರಿಯವನಿಗೂ ನಡುವೆ ಸಿಕ್ಕಿಕೊಂಡಿರುವ ಟೈಲರ್ ಅಂಗಡಿಯ ಬೋರ್ಡಿನ ಮೇಲೆ ಹೀಗೆ ಬರೆದಿತ್ತು: ‘ಇಲ್ಲಿ ಪ್ಯಾಂಟು, ಶರ್ಟು ಹಾಗೂ’.

ಅಷ್ಟೇ. ಹಾಗೂ ಏನು ಎಂಬುದನ್ನು ಬೋರ್ಡು ಹೇಳುತ್ತಿರಲಿಲ್ಲ. ಅದರ ಮುಂದೆ ‘ಕೋಟು’ ಎಂದು ಬರೆಯುವಷ್ಟು ಜಾಗ ಖಾಲಿ ಬಿದ್ದಿತ್ತು. ಬೋರ್ಡು ಬರೆಯುವವನು ಏಣಿಯ ಮೇಲೆ ನಿಂತು ‘ಹಾಗೂ’ ಮುಗಿಸಿ ಕುಂಚವನ್ನು ಬಣ್ಣಕ್ಕೆ ಅದ್ದಿದ್ದನಂತೆ. ಕೆಳಗಿನಿಂದ ಟೈಲರ್ ಏಣಿಯನ್ನು ಅಲುಗಾಡಿಸಿ, “ಸ್ವಲ್ಪ ತಡೀರಿ, ಇನ್ನೊಂದು ಸಲ ಯೋಚನೆ ಮಾಡ್ತೀನಿ,” ಎಂದನಂತೆ. ಆ ಯೋಚನೆ ಇನ್ನೂ ನಡೆದೇ ಇತ್ತು. ಅಷ್ಟರಲ್ಲಿ ಬೋರ್ಡಿನ ಬಣ್ಣ ಮಾಸಿತು, ಬರೆಯುವವನ ತಲೆ ಬೋಳಾಯಿತು, ಟೈಲರಿಗೆ ‘ಹಾಗೂ’ ಎಂಬ ಹೆಸರೇ ನಿಂತಿತು. “ಹಾಗೂ ಅಂಗಡಿ ಎದುರು ಇಳಿಸಪ್ಪ” ಎಂದರೆ ಆಟೋದವರಿಗೂ ಗೊತ್ತಾಗುತ್ತಿತ್ತು.

ಈ ಹೆಸರನ್ನು ದಿನಕ್ಕೆ ಹತ್ತಾರು ಬಾರಿ ಕೇಳಿ ಹಲ್ಲು ಕಚ್ಚಬೇಕಾಗಿದ್ದವಳು ಅವನ ಹೆಂಡತಿ. ಅಂಗಡಿಯ ಒಳಮೂಲೆಯಲ್ಲಿ ಕುಳಿತು ಗುಂಡಿ ಹಾಕುವುದು, ಕಾಜಾ ಕಟ್ಟುವುದು, ಇಸ್ತ್ರಿ ಮಾಡುವುದು ಅವಳ ಕೆಲಸ. ಗಂಡನಿಗೆ ಧೈರ್ಯ ತುಂಬುವುದು ಕೂಡ ಅವಳದೇ ಕೆಲಸವಾಗಿತ್ತು. ಆದರೆ ಅದು ತೂತು ಬಿಂದಿಗೆಗೆ ನೀರು ಹೊಯ್ದಂತಾಗುತ್ತಿತ್ತು.

ಹಾಗೆ ನೋಡಿದರೆ ಅವನಿಗೆ ಕೋಟು ಹೊಲಿಯಲು ಬರುತ್ತಿತ್ತು. ಹುಡುಗನಾಗಿದ್ದಾಗ ಹೆಸರಾಂತ ಕೋಟಿನ ಮೇಸ್ತ್ರಿಯೊಬ್ಬರ ಕೈಕೆಳಗೆ ಕಲಿತಿದ್ದ. ಅವನ ಮೊದಲ ಕೋಟನ್ನು ಕೈಯಲ್ಲಿ ಹಿಡಿದು, ತಿರುಗಿಸಿ ಮುರುಗಿಸಿ ನೋಡಿ, ಮೇಸ್ತ್ರಿ “ಹೂಂ” ಎಂದಿದ್ದರು. ಆ ‘ಹೂಂ’ ಮೆಚ್ಚುಗೆಯದೋ, ಕನಿಕರದ್ದೋ, ಬರೀ ಗಂಟಲಿನ ಕಫದ್ದೋ ಎಂದು ಕೇಳುವ ಮುಂಚೆಯೇ ಅವರು ತೀರಿಕೊಂಡರು. ಅಂದಿನಿಂದ ಅವನು ಆ ‘ಹೂಂ’ಗೆ ಅರ್ಥ ಹುಡುಕುತ್ತ ಜನರ ಪ್ಯಾಂಟು ಗಿಡ್ಡ ಮಾಡುತ್ತ ಕುಳಿತಿದ್ದ.

ಇಂಥವನಿಗೆ ಕೋಟು ಹೊಲಿಯಲು ಕೊಟ್ಟವರು ಅವನ ಹೆಂಡತಿಯ ಅಣ್ಣ, ಹೈಸ್ಕೂಲಿನ ಡ್ರಿಲ್ ಮೇಷ್ಟ್ರು. ಅವರಿಗೆ ಅನುಮಾನ ಎಂಬುದು ಹೇಗಿರುತ್ತದೆಂದೇ ಗೊತ್ತಿರಲಿಲ್ಲ. ಸೀಟಿ ಊದಿದರೆ ಬೀದಿ ನಾಯಿಯೂ ಸಾಲಿನಲ್ಲಿ ನಿಲ್ಲಬೇಕು ಎಂದು ನಂಬಿದ್ದವರು. ನಿವೃತ್ತಿಯ ಸಮಾರಂಭಕ್ಕೆ ಬಟ್ಟೆ ತಂದು ಮೇಜಿನ ಮೇಲೆ ಎಸೆದು, “ಕೋಟು! ಕಪ್ಪು! ಮೂರು ಗುಂಡಿ!” ಎಂದು ಆಜ್ಞೆ ಕೊಟ್ಟು ಹೋಗಿದ್ದರು.

“ಭಾವ ಈ ಕೋಟು ಹಾಕ್ಕೊಂಡು ಸ್ಟೇಜ್ ಹತ್ತಿ, ಏನೂ ಅವಾಂತರ ಆಗದೆ ಇಳಿದು ಬಂದ್ರೆ ಮಾರನೇ ದಿನವೇ ಬೋರ್ಡಿನ ಮೇಲೆ ಕೋಟು ಅಂತ ಬರೆಸ್ತೀನಿ,” ಎಂದು ಟೈಲರ್ ಅಂದೇ ಶಪಥ ಮಾಡಿದ. ಹೆಂಡತಿ ಖುಷಿಪಡುವಷ್ಟರಲ್ಲಿ, “ಅವಾಂತರ ಆದ್ರೆ ‘ಹಾಗೂ’ನೂ ಅಳಿಸಿಬಿಡ್ತೀನಿ,” ಎಂದು ಬಾಲ ಸೇರಿಸಿದ.

ಟೈಲರುಗಳ ಕೆಲಸದಲ್ಲಿ ಕಚ್ಚಾ ಹೊಲಿಗೆ ಎಂದೊಂದುಂಟು. ಬಟ್ಟೆಯ ತುಂಡುಗಳನ್ನು ಮೊದಲು ಬಿಳಿ ದಾರದಲ್ಲಿ ಉದ್ದುದ್ದವಾಗಿ ಕೈಹೊಲಿಗೆ ಹಾಕಿ ಕೂಡಿಸುತ್ತಾರೆ. ಮೈಮೇಲೆ ಸರಿಯಾಗಿ ಕೂತಿದೆ ಎನಿಸಿದ ಮೇಲೆ ಮೆಷಿನ್ನಿನಲ್ಲಿ ಗಟ್ಟಿ ಹೊಲಿಗೆ ಹೊಡೆದು, ಬಿಳಿ ದಾರ ಕಿತ್ತೆಸೆಯುತ್ತಾರೆ. ಲೋಕದ ಟೈಲರುಗಳೆಲ್ಲ ಹೀಗೇ. ಇವನ ತೊಂದರೆ ಏನೆಂದರೆ, ಸರಿಯಾಗಿ ಕೂತಿದೆ ಎನಿಸುವ ಘಟ್ಟ ಬರುತ್ತಲೇ ಇರಲಿಲ್ಲ. ತೋಳು ಕೂಡಿಸುವನು, ಬೊಂಬೆಯ ಮೇಲೆ ಹಾಕಿ ಕನ್ನಡಿಯಲ್ಲಿ ನೋಡುವನು, ತಲೆಯನ್ನು ಹೌದೂ ಅಲ್ಲ, ಇಲ್ಲವೂ ಅಲ್ಲ ಎಂಬಂತೆ ಒಂದು ಥರ ಓರೆಯಾಗಿ ಆಡಿಸುವನು. ಆ ಓರೆ ತಲೆಯಾಟವನ್ನು ಕಂಡರೆ ಅವನ ಹೆಂಡತಿಗೆ ಮೈ ಉರಿದುಹೋಗುತ್ತಿತ್ತು.

“ಮುಗೀತೇನ್ರೀ?”

ತಲೆಯಾಟ.

“ಚೆನ್ನಾಗೇ ಇದೆಯಲ್ರೀ, ಹೊಡೀರಿ ಮೆಷಿನ್ನು.”

“ಎಡ ಭುಜ ಸ್ವಲ್ಪ ಬೇಜಾರಾದ ಹಾಗೆ ಕಾಣ್ತಿಲ್ವಾ?”

“ಭುಜಕ್ಕಲ್ಲ, ಬೇಜಾರಾಗಿರೋದು ನಂಗೆ!”

ಸಮಾರಂಭದ ವಾರ ಬಂದಾಗ, ಒಂದು ದಿನ ಕೋಟಿನ ಮೇಲೆ ಒಂದೂ ಬಿಳಿ ದಾರ ಕಾಣಲಿಲ್ಲ. ಅಂತೂ ಗಟ್ಟಿ ಹೊಲಿಗೆ ಬಿತ್ತು ಎಂದು ಅವಳ ಎದೆ ಹಗುರವಾಯಿತು. ಕೇಳಿದರೆ ಎಲ್ಲಿ ಮತ್ತೆ ಅನುಮಾನಕ್ಕೆ ಜೀವ ಬರುತ್ತದೋ ಎಂದು ಅವಳು ಉಸಿರೆತ್ತದೆ ಗುಂಡಿ ಹಾಕಿ, ಇಸ್ತ್ರಿ ಮಾಡಿ ಇಟ್ಟಳು.

ಸಮಾರಂಭದ ದಿನ ಊಟದ ಹೊತ್ತಿಗೆ ಅಣ್ಣ ಬಂದರು. ಟೈಲರ್ ದಾರದಂಗಡಿಗೆ ಹೋಗಿದ್ದ. ಅವಳೇ ಕೋಟು ತೆಗೆದುಕೊಟ್ಟಳು. ಡ್ರಿಲ್ ಮೇಷ್ಟ್ರು ತೊಟ್ಟುಕೊಂಡು ಕನ್ನಡಿಯ ಮುಂದೆ ಎದೆಯುಬ್ಬಿಸಿ ನಿಂತರು; ತಮಗೆ ತಾವೇ ಸೆಲ್ಯೂಟ್ ಹೊಡೆಯುವುದೊಂದು ಬಾಕಿ.

“ಭಲೇ! ಮೈಮೇಲೇ ಬೆಳೆದ ಹಾಗಿದೆಯಲ್ಲೇ! ಎಲ್ಲಿ ನಿನ್ನ ಗಂಡ? ಸರಿ ಬಿಡು, ಪಕ್ಕದಲ್ಲಿ ಗಡ್ಡ ಕೆರೆಸ್ಕೊಂಡು ಹಾಗೇ ಸ್ಕೂಲಿಗೆ ಹೋಗ್ತೀನಿ.”

ಅವರು ಆ ಕಡೆ ಹೋದರು, ಟೈಲರ್ ಈ ಕಡೆಯಿಂದ ಬಂದ. ಬೆತ್ತಲೆ ಬೊಂಬೆ ನೋಡಿದ. ದಾರದ ಪೊಟ್ಟಣ ಕೈಯಿಂದ ಜಾರಿತು.

“ಕೋಟು ಎಲ್ಲೇ?”

“ಅಣ್ಣ ಹಾಕ್ಕೊಂಡು ಹೋದ. ಭಲೇ ಅಂದ.”

“ಅಯ್ಯೋ, ಅದು ಕಚ್ಚಾ ಕಣೇ!”

“ಏನು ಕಚ್ಚಾ? ಬಿಳಿ ದಾರವೇ ಇರ್ಲಿಲ್ಲ.”

“ಕಪ್ಪು ದಾರದಲ್ಲಿ ಹಾಕಿದ್ದೆ.” ಅವನು ನೆಲ ನೋಡಿದ. “ನೀನು ದಿನಾ ಮುಗೀತಾ ಮುಗೀತಾ ಅಂತ ಪ್ರಾಣ ತಿಂತಿದ್ಯಲ್ಲ. ಕಪ್ಪಿನ ಮೇಲೆ ಕಪ್ಪು ಕಾಣಲ್ಲ ಅಂತ...”

ಅವಳು ಹಣೆಗೆ ಕೈ ಹೊತ್ತುಕೊಂಡು ಸ್ಟೂಲಿನ ಮೇಲೆ ಕುಳಿತಳು.

“ಎಲ್ಲೆಲ್ಲಿ ಕಚ್ಚಾ?”

“ಎರಡೂ ತೋಳು. ಬೆನ್ನು. ಕಾಲರ್.”

“ಹಾಗಾದ್ರೆ ಗಟ್ಟಿ ಹೊಲಿದಿರೋದು ಯಾವುದ್ರೀ?”

ಅವನು ಪ್ರಾಮಾಣಿಕವಾಗಿ ಯೋಚಿಸಿದ. “ಜೇಬು.”

ಇಬ್ಬರೂ ಪಕ್ಕದ ಅಂಗಡಿಗೆ ಓಡಿದರು. ಡ್ರಿಲ್ ಮೇಷ್ಟ್ರು ಕುರ್ಚಿಯಲ್ಲಿ ಒರಗಿದ್ದರು. ಮುಖದ ತುಂಬ ನೊರೆ, ಬಿಳಿ ಬಟ್ಟೆಯ ಕೆಳಗೆ ಕೋಟು. ಬೆಂಚಿನ ಮೇಲೆ ಅದೇ ಸ್ಕೂಲಿನ ಜವಾನ ಪೇಪರ್ ಓದುತ್ತ ಸರದಿ ಕಾಯುತ್ತಿದ್ದ.

“ಭಾವಾ, ಕೋಟು ಒಂದು ನಿಮಿಷ ಬಿಚ್ಚಿಕೊಡ್ತೀರಾ? ಒಂಚೂರು ಇಸ್ತ್ರಿ...”

“ಬಿಚ್ಚೋದಾ?” ನೊರೆ ಗುಡುಗಿತು. “ಮಲಗೋವಾಗ್ಲೂ ಬಿಚ್ಚಲ್ಲ. ಇಷ್ಟು ವರ್ಷ ಪ್ಯಾಂಟು ಕತ್ತರಿಸ್ತಾ ಕೂತಿದ್ದೆಯಲ್ಲಯ್ಯಾ, ನಿನಗೆ ಬುದ್ಧಿ ಇದೆಯಾ?”

“ನೋಡಿದ್ಯಾ, ಇಷ್ಟ ಆಗಿಲ್ಲ,” ಎಂದು ಟೈಲರ್ ಹೆಂಡತಿಯ ಕಿವಿಯಲ್ಲಿ ಹೇಳಿದ.

“ಅದು ಹೊಗಳಿಕೆ ಕಣ್ರೀ!”

“ಮುಖ ನೋಡಿ ಹೇಗೆ ಹೇಳೋದು? ನೊರೆ ಇದೆ.”

ಅಷ್ಟರಲ್ಲಿ ಕ್ಷೌರಿಕ ಗಡ್ಡ ಮುಗಿಸಿ, ಗಿರಾಕಿಗಳಿಗೆ ಮಾಮೂಲಿಯಾಗಿ ಮಾಡುವಂತೆ ಮೇಷ್ಟ್ರ ಎರಡು ಕೈಗಳನ್ನೂ ಹಿಡಿದು, ಲಟಕ್ಕನೆ ನಟಿಕೆ ತೆಗೆಯಲು ಮೇಲಕ್ಕೆತ್ತಲಾರಂಭಿಸಿದ. ಟೈಲರ್ ಕಿಟಾರನೆ ಕಿರುಚಿದ: “ಕೈ ಎತ್ತಿಸಬೇಡಿ!”

ಕನ್ನಡಿಯ ಮುಂದಿದ್ದ ಪೌಡರ್ ಡಬ್ಬಿ ಉರುಳಿಬಿತ್ತು. ಮೇಷ್ಟ್ರು, “ಯಾಕೆ?” ಎಂದರು.

“ಸುಮ್ನೆ... ಇವತ್ತು ಒಂದು ದಿನ ಎತ್ತಬೇಡಿ ಭಾವ. ನನಗೋಸ್ಕರ.”

“ತಲೆ ಕೆಟ್ಟಿದೆ ನಿನಗೆ,” ಎಂದು ಮೇಷ್ಟ್ರು ಎದ್ದು ಮುಖ ತೊಳೆಯಲು ಹಿಂದಕ್ಕೆ ಹೋದರು. ಕ್ಷೌರಿಕ ಟೈಲರನ ತೋಳು ಹಿಡಿದು ಮೂಲೆಗೆಳೆದ.

“ಏನ್ ಸಮಾಚಾರ?”

“ಏನಿಲ್ಲ. ಅವರು ಕೈ ಎತ್ತಿದ್ರೆ ಅನಾಹುತ ಆಗುತ್ತೆ. ದಯವಿಟ್ಟು ಯಾರಿಗೂ ಹೇಳ್ಬೇಡಿ.”

ಕ್ಷೌರಿಕನ ಕಣ್ಣು ಅಗಲವಾಯಿತು. ತನ್ನ ಎದೆಯ ಎಡಭಾಗವನ್ನು ಮೆಲ್ಲನೆ ಮುಟ್ಟಿ ತೋರಿಸಿದ. “ಇದಾ?”

ಟೈಲರ್ ಹೌದೂ ಅಲ್ಲ, ಇಲ್ಲವೂ ಅಲ್ಲ ಎಂಬಂತೆ ತಲೆಯಾಡಿಸಿದ. ಬೆಂಚಿನ ಮೇಲಿದ್ದ ಜವಾನ ಪೇಪರ್ ಮಡಿಚಿಟ್ಟು, ಸರದಿ ಬಿಟ್ಟು, ಸೈಕಲ್ ಹತ್ತಿ ಹೊರಟೇಹೋದ.

ಹೆಂಡತಿಗೆ ಮುಂದಾಗುವುದೆಲ್ಲವೂ ಆಗಲೇ ಕಂಡಿತು. ಸತ್ಯ ಹೇಳಲು ಬಾಯಿ ತೆರೆದಳು. ಟೈಲರ್ ಅವಳ ಕೈ ಹಿಡಿದುಕೊಂಡ. “ಹೊಲಿಯದೆ ಇರೋ ಕೋಟು ಕೊಟ್ಟ ಅಂತ ಊರಿಗೆ ಗೊತ್ತಾದ್ರೆ ಮುಗೀತು ಕಣೇ. ಬೋರ್ಡಿಗೆ ಸುಣ್ಣ ಬಳಿಯೋದೊಂದೇ ದಾರಿ. ಇವತ್ತು ಸಂಜೆವರೆಗೂ ಅವರ ಕೈ ಕೆಳಗಿರೋ ಹಾಗೆ ನೋಡ್ಕೊಂಡ್ರೆ ಸಾಕು.” ಅವನ ಮುಖ ಎಷ್ಟು ಸಣ್ಣದಾಗಿತ್ತೆಂದರೆ ಅವಳು ತೆರೆದ ಬಾಯನ್ನು ಮುಚ್ಚಿದಳು. ಆಮೇಲೆ ಅದಕ್ಕಾಗಿ ಬಹಳ ಪಶ್ಚಾತ್ತಾಪಪಟ್ಟಳು.

ಒಬ್ಬ ಡ್ರಿಲ್ ಮೇಷ್ಟ್ರ ಕೈಯನ್ನು ಕೆಳಗಿಟ್ಟುಕೊಳ್ಳುವುದೆಂದರೆ ಹರಿಯುವ ಹೊಳೆಗೆ ಕುಳಿತುಕೋ ಎಂದಂತೆ. ಅವರು ಸ್ಕೂಲಿನ ಗೇಟಿಗೆ ಬರುವಷ್ಟರಲ್ಲಿ ರಸ್ತೆಯಲ್ಲಿ ಹಳೆಯ ಶಿಷ್ಯರು ಕಂಡಕಂಡಲ್ಲಿ ಕೈ ಎತ್ತಿ ಕೂಗುತ್ತಿದ್ದರು. ಮೇಷ್ಟ್ರು ತಿರುಗಿ ಕೈ ಎತ್ತುವ ಮುಂಚೆಯೇ ಟೈಲರ್ ಹಾರಿ ಒಂದು ಕೈಯಲ್ಲಿ ಅವರ ಮುಂಗೈ ಹಿಡಿದುಕೊಂಡು, ತನ್ನ ಇನ್ನೊಂದು ಕೈ ಎತ್ತಿ ಬೀಸುತ್ತಿದ್ದ. “ಏನಯ್ಯಾ ಇದು? ನನ್ನ ಶಿಷ್ಯರಿಗೆ ನೀನ್ಯಾಕೆ ಟಾಟಾ ಮಾಡ್ತಿದ್ದೀಯ?” ಎಂದರೆ, “ನೀವು ದಣೀಬೇಡಿ ಭಾವ,” ಎಂದ.

ಗೇಟಿನಲ್ಲಿ ಜವಾನ ಕುರ್ಚಿ ಹಿಡಿದು ನಿಂತಿದ್ದ.

“ಕೂತ್ಕೊಳ್ಳಿ ಸಾರ್.”

“ಗೇಟಲ್ಲಿ ಯಾಕಯ್ಯಾ ಕೂತ್ಕೊಳ್ಳಿ?”

“ಸ್ಟೇಜು ದೂರ ಇದೆ ಸಾರ್. ಮಧ್ಯ ಮಧ್ಯ ಕೂತ್ಕೊಂಡು ಹೋಗೋಣ.”

ಮೇಷ್ಟ್ರು ಮುಂದೆ ನಡೆದರೆ ಜವಾನ ಕುರ್ಚಿ ಹೊತ್ತು ಹಿಂದೆ ಬಂದ. ಸ್ಟಾಫ್ ರೂಮಿನಲ್ಲಿ ಅವರನ್ನು ಕಂಡ ಕೂಡಲೇ ಮಾತು ನಿಂತಿತು. ಅವರ ಜೊತೆ ಮೈದಾನಕ್ಕಾಗಿ ಸದಾ ಜಗಳವಾಡುತ್ತಿದ್ದ ಗಣಿತದ ಮೇಡಂ, “ಸಾರ್, ಮನಸ್ಸಲ್ಲಿ ಏನೂ ಇಟ್ಕೋಬೇಡಿ,” ಎಂದು ಕಣ್ಣೊರೆಸಿಕೊಂಡರು. ಹಿಂದಿ ಮೇಷ್ಟ್ರು ಟೀ ಕಪ್ಪನ್ನು ತಾವೇ ಅವರ ತುಟಿಗೆ ಹಿಡಿದರು. “ನನ್ನ ಕೈಗೇನಾಗಿದೆ?” ಎಂದು ಡ್ರಿಲ್ ಮೇಷ್ಟ್ರು ಕಪ್ಪಿಗೆ ಕೈ ಚಾಚಿದರೆ, ಕೋಣೆಯಲ್ಲಿದ್ದ ಎಲ್ಲರೂ ಒಟ್ಟಿಗೆ, “ಬೇಡ ಸಾರ್!” ಎಂದರು. ಎಲ್ಲರಿಗಿಂತ ಜೋರಾಗಿ ಹೇಳಿದವನು ಬಾಗಿಲಲ್ಲಿ ನಿಂತಿದ್ದ ಟೈಲರ್.

ಹುಟ್ಟಿದಾಗಿನಿಂದ ತಮ್ಮ ಬಗ್ಗೆ ಒಂದು ಗಳಿಗೆಯೂ ಅನುಮಾನಪಡದಿದ್ದ ಮನುಷ್ಯ, ಆಗ ಮೊದಲ ಬಾರಿಗೆ ಕಿಟಕಿಯ ಗಾಜಿನಲ್ಲಿ ತಮ್ಮ ಮುಖ ನೋಡಿಕೊಂಡರು. ತಂಗಿಯನ್ನು ಪಕ್ಕಕ್ಕೆ ಕರೆದು ಪಿಸುಗುಟ್ಟಿದರು. ಅವರಿಗೆ ಪಿಸುಗುಟ್ಟಿ ಅಭ್ಯಾಸವಿಲ್ಲದ್ದರಿಂದ ವರಾಂಡದ ತುದಿಯವರೆಗೂ ಕೇಳಿಸಿತು.

“ನಿಜ ಹೇಳು. ನಾನು ಬಿಳಿಚಿಕೊಂಡಿದ್ದೀನಾ?”

“ಪೌಡರ್ ಅಣ್ಣ. ಕ್ಷೌರದಂಗಡಿಯದು.”

“ಎಡಗಡೆ ಏನೋ ಚುಳ್ ಅಂತಿದೆ.”

“ಪಿನ್ನು ಇರಬೇಕು ಅಣ್ಣ. ಕೋಟಲ್ಲಿ ಮರೆತು...”

“ಮುಚ್ಚಿಡಬೇಡ. ನಿನ್ನ ಗಂಡ ಮಧ್ಯಾಹ್ನದಿಂದ ನನ್ನನ್ನ ಗಾಜಿನ ಲೋಟದ ಹಾಗೆ ಹಿಡ್ಕೊಂಡಿದ್ದಾನೆ.”

ಅವಳು ಇನ್ನು ಹೇಳಿಯೇಬಿಡುತ್ತೇನೆ ಎಂದುಕೊಳ್ಳುವಷ್ಟರಲ್ಲಿ ಅತ್ತಿಗೆ ಓಡಿಬಂದರು. ಚಪ್ಪಲಿ ಬೇರೆ ಬೇರೆ ಜೊತೆಯದು. “ಕಟ್ಕೊಂಡ ಹೆಂಡತಿಗೆ ಹೇಳದೆ ಕ್ಷೌರದವನಿಗೆ ಹೇಳಿದ್ರಲ್ಲಾ! ನಾನು ಸತ್ತುಹೋಗಿದ್ನಾ?” ಎಂದು ಗಂಡನ ಎದೆಗೆ ಒರಗಹೋಗಿ, ಎದೆಗೆ ಒರಗಬಾರದೆಂದು ನೆನಪಾಗಿ, ಜವಾನ ಹಿಡಿದಿದ್ದ ಕುರ್ಚಿಯ ಮೇಲೆ ಕುಳಿತು ಅಳತೊಡಗಿದರು. ಅಂತೂ ಆ ಕುರ್ಚಿ ಕೆಲಸಕ್ಕೆ ಬಂತೆಂದು ಜವಾನನಿಗೆ ತೃಪ್ತಿಯಾಯಿತು.

“ರೀ, ಸಾಕು ಮಾಡಿ,” ಎಂದು ಅವಳು ಗಂಡನ ಅಂಗಿ ಹಿಡಿದಳು. “ನನ್ನ ಅಣ್ಣನಿಗೆ ಇಲ್ಲದ ಕಾಯಿಲೆ ಬಂದುಬಿಡುತ್ತೆ.”

“ಸ್ಟೇಜೊಂದು ಇಳೀಲಿ. ಆಮೇಲೆ ಅವರ ಕಾಲು ಹಿಡೀತೀನಿ.”

ಸ್ಟೇಜಿನ ಮೇಲೆ ಮುಖ್ಯೋಪಾಧ್ಯಾಯಿನಿ ಮೈಕಿನ ಮುಂದೆ ನಿಂತರು. ಕೆಳಗೆ ಮಕ್ಕಳು, ಶಿಷ್ಯರು, ನೆಂಟರು. ಟೈಲರ್ ದಂಪತಿ ಮುಂದಿನ ಸಾಲಿನಲ್ಲಿ. “ಪ್ರತಿ ವರ್ಷದ ಹಾಗೆ ನಮ್ಮ ಸಾರ್ ಇವತ್ತು ಕೊನೆಯ ಡ್ರಿಲ್ ಮಾಡಿಸಬೇಕಿತ್ತು,” ಎಂದು ಅವರು ಗದ್ಗದಿತರಾದರು. “ಆದರೆ ಅವರ ಆರೋಗ್ಯದ ದೃಷ್ಟಿಯಿಂದ ಅದನ್ನು ರದ್ದು ಮಾಡಲಾಗಿದೆ. ಅವರು ಕುಳಿತಲ್ಲಿಂದಲೇ, ಕೈ ಎತ್ತದೆ, ಮನಸ್ಸಿನಲ್ಲೇ ನಮ್ಮನ್ನು ಹರಸುತ್ತಾರೆ.”

ಸಭೆ ನಿಟ್ಟುಸಿರಿಟ್ಟಿತು. ಡ್ರಿಲ್ ಮೇಷ್ಟ್ರು ಒಂದು ಕ್ಷಣ ತಲೆ ತಗ್ಗಿಸಿ ಕುಳಿತಿದ್ದರು. ಆಮೇಲೆ ಅವರ ಕುತ್ತಿಗೆ ಕೆಂಪಾಯಿತು. ಕಿವಿ ಕೆಂಪಾಯಿತು. ತಂಗಿಗೆ ಆ ಕೆಂಪು ಚಿಕ್ಕಂದಿನಿಂದ ಗೊತ್ತು. “ಕೆಟ್ಟಿತು,” ಎಂದಳು.

“ರದ್ದಾ?” ಮೇಷ್ಟ್ರು ಮೈಕಿಲ್ಲದೆ ಗರ್ಜಿಸಿದರು. “ನನ್ನ ಡ್ರಿಲ್ ರದ್ದಾ? ಸಾಯೋದಾದ್ರೆ ಇಲ್ಲೇ ಸಾಯ್ತೀನಿ! ಎಲ್ರೂ ಎದ್ದು ನಿಲ್ಲಿ! ಸಾವಧಾನ್!”

ಕುತ್ತಿಗೆಯಲ್ಲಿದ್ದ ಸೀಟಿ ಬಾಯಿಗೆ ಬಂತು. ಸಭೆಗೆ ಸಭೆಯೇ ಎದ್ದು ನಿಂತಿತು. ಅತ್ತಿಗೆಯೂ ಅಳುತ್ತಲೇ ನಿಂತರು. ಟೈಲರ್ ಹೆಂಡತಿಯ ಹೆಗಲಿನಲ್ಲಿ ಮುಖ ಮುಚ್ಚಿಕೊಂಡ.

“ಒಂದು!” ಎರಡೂ ಕೈ ನೆಟ್ಟಗೆ ಆಕಾಶಕ್ಕೆ.

“ಹೋಯ್ತಾ?” ಟೈಲರ್ ಮುಖ ಎತ್ತದೆ ಕೇಳಿದ.

“ಇದೆ.”

“ಎರಡು!” ಕೈ ಪಕ್ಕಕ್ಕೆ. “ಮೂರು!” ಸೊಂಟ ಬಗ್ಗಿ ಪಾದ ಮುಟ್ಟಿದ್ದು.

“ಬೆನ್ನು ಹೋಯ್ತಾ?”

“ಇದೆ ಕಣ್ರೀ. ನೋಡಿ ನೀವೇ.”

ಮೇಷ್ಟ್ರು ನೆಗೆದರು, ತಲೆಯ ಮೇಲೆ ಚಪ್ಪಾಳೆ ಹೊಡೆದರು, ಎಡಕ್ಕೆ ತಿರುಚಿದರು, ಬಲಕ್ಕೆ ತಿರುಚಿದರು. ಈಗ ಬಿದ್ದಾರು, ಆಗ ಬಿದ್ದಾರು ಎಂದು ಕಾಯುತ್ತಿದ್ದ ಸಭೆ, ಬೀಳದಿದ್ದಾಗ ಹುಚ್ಚೆದ್ದು ಕೂಗಿತು. ಕೋಟಿನ ಒಂದು ಎಳೆಯೂ ಅಲುಗಲಿಲ್ಲ. ಅಲುಗುವುದಾದರೂ ಹೇಗೆ? ಭುಜ, ಬೆನ್ನು, ಕಾಲರ್, ಎಲ್ಲಿ ಬೇಜಾರು ಕಂಡರೂ ಅವನು ಹಳೆಯ ಕಪ್ಪು ದಾರ ಪೂರ್ತಿ ಕೀಳದೆ ಅದರ ಪಕ್ಕದಲ್ಲೇ ಇನ್ನೊಂದು ಸಾಲು ಹಾಕಿದ್ದ. ಒಂದು ಅನುಮಾನಕ್ಕೆ ಒಂದು ಸಾಲು. ಅನುಮಾನಕ್ಕೆ ಅವನಲ್ಲಿ ಎಂದೂ ಬರವಿರಲಿಲ್ಲವಲ್ಲ.

ಅವಳ ಕಣ್ಣಲ್ಲಿ ನೀರು ಬಂತು. “ಗೆದ್ರಿ ಕಣ್ರೀ,” ಎಂದು ಪಕ್ಕಕ್ಕೆ ತಿರುಗಿದಳು. ಪಕ್ಕದಲ್ಲಿ ಗಂಡನಿರಲಿಲ್ಲ.

ಅವನು ಸ್ಟೇಜಿನ ಮೆಟ್ಟಿಲು ಹತ್ತುತ್ತಿದ್ದ. ನಂಬಲಾಗದವನ ಮುಖ. “ಹೇಗೆ ನಿಂತಿತು? ನಿಲ್ಲೋದಕ್ಕೆ ಸಾಧ್ಯವೇ ಇಲ್ಲ,” ಎಂದು ಗೊಣಗುತ್ತ ಭಾವನ ಹಿಂದೆ ಹೋಗಿ, ಎಡ ತೋಳನ್ನು ಭುಜದ ಹತ್ತಿರ ಹಿಡಿದು ಎಳೆದ. ಬರಲಿಲ್ಲ. ಅಭಿನಂದಿಸುತ್ತಿದ್ದಾನೆಂದು ಸಭೆ ಚಪ್ಪಾಳೆ ತಟ್ಟಿತು. ಇನ್ನೂ ಜೋರಾಗಿ ಎಳೆದ. ಬರಲಿಲ್ಲ. “ರೀ, ಬೇಡ ರೀ!” ಎಂದು ಹೆಂಡತಿ ಕೆಳಗಿನಿಂದ ಕೂಗಿದಳು. ಅವನು ಮೇಜಿನ ಕಾಲಿಗೆ ತನ್ನ ಕಾಲು ಒತ್ತಿ, ಹಲ್ಲು ಕಚ್ಚಿ, ಮೈಯ ಭಾರವನ್ನೆಲ್ಲ ಹಾಕಿ ಎಳೆದ.

ಚರ್ರ್...

ಇಡೀ ತೋಳು ಅವನ ಕೈಗೆ ಬಂತು. ಅದನ್ನು ಮೇಲೆತ್ತಿ ಹಿಡಿದು, ಬೆಳಗುವ ಮುಖದಿಂದ ಹೆಂಡತಿಯತ್ತ ತಿರುಗಿದ.

“ನೋಡಿದ್ಯಾ? ನಾನು ಹೇಳ್ಲಿಲ್ವಾ!”

ಅವನ ಬಾಯಲ್ಲಿ ಅಷ್ಟು ಆತ್ಮವಿಶ್ವಾಸದ ಮಾತನ್ನು ಅವಳು ಮದುವೆಯಾದಂದಿನಿಂದ ಕೇಳಿರಲಿಲ್ಲ.

ಅವಳು ಸೆರಗು ಬಿಗಿದು ಸ್ಟೇಜ್ ಹತ್ತಿ ಮುಖ್ಯೋಪಾಧ್ಯಾಯಿನಿಯ ಕೈಯಿಂದ ಮೈಕ್ ಕಿತ್ತುಕೊಂಡಳು. “ನನ್ನ ಅಣ್ಣನ ಹೃದಯಕ್ಕೆ ಏನೂ ಆಗಿಲ್ಲ. ಕೋಟು ಕಚ್ಚಾ ಹೊಲಿಗೇದು. ಕಳಚಿಬೀಳುತ್ತೆ ಅಂತ ಕೈ ಎತ್ತಬೇಡಿ ಅಂದ್ರು. ಬೀಳ್ಲಿಲ್ಲ. ಅದನ್ನ ತಡ್ಕೊಳ್ಳೋಕಾಗದೆ ಇವರೇ ಕಿತ್ತರು. ಇಷ್ಟೇ ವಿಷಯ.”

ಡ್ರಿಲ್ ಮೇಷ್ಟ್ರು ಒಂದು ತೋಳಿನ ಕೋಟಿನಲ್ಲಿ ಭಾವಮೈದುನನ ಕಡೆ ಹೆಜ್ಜೆಯಿಟ್ಟರು. ಟೈಲರ್ ತೋಳನ್ನು ಎದೆಗವಚಿಕೊಂಡು ಕಣ್ಣು ಮುಚ್ಚಿದ.

“ಹಾಗಾದ್ರೆ ನಾನು ಸಾಯ್ತಿಲ್ವಾ?”

“ಇಲ್ಲ ಭಾವ.”

“ಎಡಗಡೆ ಚುಳ್ ಅಂದಿದ್ದು?”

“ಪಿನ್ನು ಅಂದ್ನಲ್ಲ ಅಣ್ಣ,” ಎಂದಳು ತಂಗಿ.

ಮೇಷ್ಟ್ರು ಅವನನ್ನು ಬಾಚಿ ತಬ್ಬಿಕೊಂಡರು. ಅದರ ರಭಸಕ್ಕೆ ಕಾಲರ್ ಕೂಡ ಕಿತ್ತುಬಂತು. ಅತ್ತಿಗೆ ನಗುತ್ತ ಅಳುತ್ತ ಜವಾನನಿಗೆ ಬೈಯತೊಡಗಿದರು. ಮುಖ್ಯೋಪಾಧ್ಯಾಯಿನಿ ಮಾತ್ರ ಟೈಲರನ ಕೈಯಿಂದ ತೋಳು ತೆಗೆದುಕೊಂಡು, ಕನ್ನಡಕ ಏರಿಸಿ, ಹೊಲಿಗೆಯ ಸಾಲುಗಳನ್ನು ನೋಡಿದರು.

“ಕಚ್ಚಾನೇ ಹೀಗಿದ್ರೆ ಗಟ್ಟಿ ಹೊಲಿಗೆ ಹೇಗಿರಬೇಡ? ನಮ್ಮ ಮನೆಯವರಿಗೆ ಒಂದು ಹೊಲ್ಕೊಡ್ತೀರಾ?”

ಟೈಲರ್ ತಲೆಯನ್ನು ಹೌದೂ ಅಲ್ಲ, ಇಲ್ಲವೂ ಅಲ್ಲ ಎಂಬಂತೆ ಆಡಿಸಲು ಶುರುಮಾಡಿದ. ಹೆಂಡತಿ ಎರಡೂ ಕೈಯಿಂದ ಅವನ ತಲೆ ಹಿಡಿದು ನಿಲ್ಲಿಸಿ, “ಹೊಲ್ಕೊಡ್ತಾರೆ,” ಎಂದಳು.

ಮರುದಿನ ಬೆಳಿಗ್ಗೆ ಅಂಗಡಿಯ ಬಾಗಿಲು ತೆಗೆಯುವ ಮುಂಚೆಯೇ ಡ್ರಿಲ್ ಮೇಷ್ಟ್ರು ಹಾಜರಾದರು. ಒಂದು ಕೈಯಲ್ಲಿ ಬಿಡಿಬಿಡಿ ಕೋಟು, ಇನ್ನೊಂದರಲ್ಲಿ ಸೀಟಿ. ನಿವೃತ್ತಿಯ ಮೊದಲ ದಿನ ಅವರಿಗೂ ಬೇರೆ ಕೆಲಸವಿರಲಿಲ್ಲ. ಹೆಂಡತಿ ಕನ್ನಡಿಯನ್ನು ಗೋಡೆಗೆ ಮುಖಮಾಡಿ ತಿರುಗಿಸಿಟ್ಟಳು.

“ಬಟ್ಟೆ ಇಡು! ಸೂಜಿ ಇಳಿಸು! ತುಳಿ!”

“ಭಾವ, ಎಡ ಭುಜ ಒಂಚೂರು...”

ಕಿವಿ ತೂತಾಗುವಂತೆ ಸೀಟಿ. “ಮುಂದೆ ನೋಡು! ತುಳಿ!”

ಕ್ಷೌರಿಕ, ಬೀಗದವನು, ಬಸ್ಸಿಗೆ ಹೊರಟವರು ಎಲ್ಲರೂ ಬಾಗಿಲಲ್ಲಿ ನಿಂತು ನೋಡಿದರು. ಊಟದ ಹೊತ್ತಿಗೆ ಕೋಟು ಗಟ್ಟಿಯಾಗಿ ಬೊಂಬೆಯ ಮೇಲೆ ನಿಂತಿತು. ಟೈಲರ್ ಅದನ್ನು ಸುತ್ತಿ ಸುತ್ತಿ ನೋಡಿದ. ಭುಜ ಮುಟ್ಟಿದ. ಎಳೆಯಲಿಲ್ಲ. ಕೊನೆಗೆ, “ಹೂಂ,” ಎಂದ. ಎಂದ ಮೇಲೆ ತಾನೇ ಬೆಚ್ಚಿಬಿದ್ದು ಹೆಂಡತಿಯ ಮುಖ ನೋಡಿದ.

“ಮೇಸ್ತ್ರಿ ಅಂದಿದ್ದೂ ಇದೇ ಕಣೇ! ಇದೇ ಥರ!”

“ಹಾಗಾದ್ರೆ ಅರ್ಥ ಆಯ್ತಲ್ಲ. ನಡೀರಿ,” ಎಂದು ಅವಳು ಬೋರ್ಡು ಬರೆಯುವವನಿಗೆ ತಾನೇ ಹೇಳಿಕಳಿಸಿದಳು.

ಅವನು ಬೋಳು ತಲೆಗೆ ಟವೆಲ್ ಸುತ್ತಿಕೊಂಡು ಏಣಿ ಹತ್ತಿದ. ಟೈಲರ್ ಅಲುಗಾಡಿಸದಂತೆ ಏಣಿಯ ಒಂದು ಕಾಲನ್ನು ಹೆಂಡತಿ, ಇನ್ನೊಂದನ್ನು ಅಣ್ಣ ಹಿಡಿದರು. ‘ಕೋ’ ಬಿತ್ತು. ‘ಟು’ ಬಿತ್ತು. ‘ಇಲ್ಲಿ ಪ್ಯಾಂಟು, ಶರ್ಟು ಹಾಗೂ ಕೋಟು’. ಅವಳು ಇಷ್ಟು ವರ್ಷ ಒಳಗೇ ಹಿಡಿದಿಟ್ಟುಕೊಂಡಿದ್ದ ಉಸಿರನ್ನು ಬಿಟ್ಟಳು. ಕಣ್ಣೊರೆಸಿಕೊಳ್ಳಲು ಏಣಿಯನ್ನೂ ಬಿಟ್ಟಳು. ತಪ್ಪಾಗಿದ್ದು ಅಲ್ಲೇ.

ಟೈಲರ್ ಬೋರ್ಡನ್ನೇ ನೋಡುತ್ತಿದ್ದ. ಕೋಟಿನ ಪಕ್ಕದಲ್ಲಿ, ಅಂಚಿಗೆ, ಇನ್ನೂ ಒಂದಿಷ್ಟು ಜಾಗ ಉಳಿದಿತ್ತು. ಅವನ ಕಣ್ಣಲ್ಲಿ ಏನೋ ಮಿನುಗಿತು. ಅವನ ಕೈ ಮೆಲ್ಲನೆ ಏಣಿಯ ಕಡೆ ಹೋಯಿತು.

“ಹೇಗೂ ಬಣ್ಣ ಉಳಿದಿದೆಯಲ್ಲ,” ಎಂದು ಮೇಲಕ್ಕೆ ಕೂಗಿದ. “ಅದರ ಮುಂದೆ ಇನ್ನೊಂದು ‘ಹಾಗೂ’ ಬರೆದುಬಿಡಿ.”